ಒಂದು ಕೂಡಿಸಿದವಳು

ಆ ಭಾನುವಾರ ಬೆಳಿಗ್ಗೆ ನಂಜನಗೂಡಿನ ಕಲ್ಯಾಣ ಮಂಟಪದಲ್ಲಿ ನಡೆದದ್ದು ಸಾಮಾನ್ಯ ಸಂಗತಿಯಲ್ಲ. ಐದನೇ ಟೇಬಲ್ಲಿಗೆ ಹೋಗಬೇಕಾಗಿದ್ದ ಈರುಳ್ಳಿಯಿಲ್ಲದ ಉಪ್ಪಿಟ್ಟು ಆರನೇ ಟೇಬಲ್ಲಿಗೆ ಹೋಯಿತು. ಇದಕ್ಕಿಂತ ಸಣ್ಣ ಕಾರಣಗಳಿಗೆ ರಾಜ್ಯಗಳು ಉರುಳಿವೆ. ಆದರೆ ಆ ರಾಜ್ಯಗಳಲ್ಲಿ ಉಪ್ಪಿಟ್ಟು ತಣ್ಣಗಾಗುತ್ತಿದೆ ಎಂದು ಗೊಣಗುವ ಅತಿಥಿ ಉಪನ್ಯಾಸಕರು ಇರಲಿಲ್ಲ.

"ನಾನು ಐದು ಅಂದೆ ಕಣಯ್ಯಾ! ಐದು!" ಕ್ವಿಜ್ ಮಾಸ್ತರ್ ಅಮೃತೇಶ್ ಬಡಿಸುವವನ ಮುಂದೆ ಐದೂ ಬೆರಳು ಬಿಡಿಸಿ ಹಿಡಿದಿದ್ದ.

"ಅಂದ್ರಿ ಸಾ. ಅದ್ಕೇ ಆರಕ್ಕೆ ಕೊಟ್ಟೆ," ಎಂದ ನಿಂಗರಾಜು, ಸೌಟು ಕೆಳಗಿಡದೆ. "ನೆನ್ನೆ ಬೆಳಗ್ಗೆ ನೀವೇ ಏಳಿದ್ರಲ್ಲ, ನಮ್ ಕಂಪ್ಯೂಟ್ರು ಸೊನ್ನೆಯಿಂದ ಎಣುಸ್ತದೆ, ನಾನೇಳೋ ನಂಬರ್ಗೆ ಒಂದು ಸೇರುಸ್ಕೊ ಅಂತ."

"ಅದು ಬೆಳಗ್ಗೆ! ಯಾರಿಗೂ ಗೊಂದಲ ಬೇಡ ಅಂತ ನಿನ್ನೆ ಮಧ್ಯಾಹ್ನದಿಂದ ನಾನೇ ಸೇರಿಸಿ ಹೇಳ್ತಾ ಇದ್ದೀನಿ."

"ಅದ್ನ ನನಗೇಳಿದ್ರಾ?"

ಅಮೃತೇಶ್ ಬೆರಳು ಮಡಚಿದ. ಹೇಳಿರಲಿಲ್ಲ.

ಪಕ್ಕದಲ್ಲೇ ಕೂತಿದ್ದ ಶಿವರಂಜನಿಯ ಚಮಚ ತಟ್ಟೆಗೂ ಬಾಯಿಗೂ ನಡುವೆ ನಿಂತುಬಿಟ್ಟಿತು.

ಹಿಂದಿನ ದಿನ ಇದೇ ಮಂಟಪದಲ್ಲಿ, ಕಂಪ್ಯೂಟರ್ ಪ್ರೋಗ್ರಾಮಿಂಗ್ ಸಮ್ಮೇಳನದ ಕ್ವಿಜ್‌ನಲ್ಲಿ ಉತ್ತರ ಕದ್ದವರು ಐದನೇ ಟೇಬಲ್ಲಿನ ಹುಡುಗಿಯರು ಎಂದು ಮೈಕಿನಲ್ಲಿ ಘೋಷಿಸಿದ್ದವಳು ಅವಳೇ.

ಮೈಸೂರಿನಲ್ಲಿ ಅವಳ ಪತ್ತೇದಾರಿ ಕಚೇರಿಗೆ ಹನ್ನೆರಡು ತಿಂಗಳೂ ಬರುವ ಕೆಲಸ ಒಂದೇ: ವರನ ಸಂಬಳ ನಿಜವೇ, ವರನ ಸಿಗರೇಟು ನಿಂತಿದೆಯೇ, ವರನ ಹಳೆಯ ಗೆಳತಿ ಇನ್ನೂ ಫೋನು ಮಾಡುತ್ತಾಳೆಯೇ. ಹಾಗಾಗಿ ಸಮ್ಮೇಳನದ ಸಂಚಾಲಕ ನಂಜೇಶ್ ಫೋನು ಮಾಡಿ, "ಮೇಡಂ, ನಮ್ಮ ಕ್ವಿಜ್ ಪ್ರಶ್ನೆ ಸೋರಿಕೆ ಆಗ್ತಾ ಇದೆ, ಗುಟ್ಟಾಗಿ ಕಂಡುಹಿಡೀಬೇಕು," ಎಂದಾಗ ಅವಳಿಗೆ ಹಬ್ಬವಾಗಿತ್ತು. ಕೊನೆಗೂ ಮೀಸೆಯಿಲ್ಲದ ಒಂದು ಕೇಸು.

ಬೋನು ಇಟ್ಟದ್ದೂ ಅವಳೇ. ಅಮೃತೇಶನಿಂದ ಉತ್ತರವಿಲ್ಲದ ಒಂದು ಪ್ರಶ್ನೆ ಮಾಡಿಸಿದ್ದಳು. "ಮರಿಂಬೊ ಎಂಬ ಪ್ರೋಗ್ರಾಮಿಂಗ್ ಭಾಷೆ ಹುಟ್ಟಿದ ಊರು ಯಾವುದು?" ಅಂಥ ಭಾಷೆಯೇ ಲೋಕದಲ್ಲಿಲ್ಲ. ಆದರೆ ಉತ್ತರದ ಹಾಳೆಯಲ್ಲಿ ಮಾತ್ರ 'ಝಾಗ್ರೆಬ್' ಎಂದು ಬರೆಸಿದ್ದಳು. ಆ ಹಾಳೆಯನ್ನು ಕದ್ದು ನೋಡಿದವರಲ್ಲದೆ ಇನ್ಯಾರ ಬಾಯಲ್ಲೂ ಝಾಗ್ರೆಬ್ ಬರುವಂತಿಲ್ಲ. ಇದು ಬೋನು ಎಂದು ಗೊತ್ತಿದ್ದದ್ದು ಮೂರೇ ಜನಕ್ಕೆ: ಅವಳಿಗೆ, ಅಮೃತೇಶನಿಗೆ, ನಂಜೇಶನಿಗೆ.

ಶನಿವಾರ ಮಧ್ಯಾಹ್ನ ಪ್ರಶ್ನೆ ಬಂತು. ಇಬ್ಬಿಬ್ಬರ ತಂಡಗಳು ತಮ್ಮ ತಮ್ಮ ಟೇಬಲ್ಲಿನ ಟ್ಯಾಬ್‌ನಲ್ಲಿ ಉತ್ತರ ಒತ್ತಿದವು. ಒಬ್ಬರು ಲಂಡನ್ ಅಂದರು, ಒಬ್ಬರು ಬೋಸ್ಟನ್. ಒಂದು ತಂಡ, ಹೇಗೂ ಗೊತ್ತಿಲ್ಲ ಎಂಬ ಧೈರ್ಯದಲ್ಲಿ, ಇಲ್ಲೇ ಪಕ್ಕದ ಕಳಲೆ ಎಂದು ಬರೆಯಿತು.

ಒಬ್ಬರು ಝಾಗ್ರೆಬ್ ಎಂದರು.

ಆ ಒಂದು ಉತ್ತರ ಯಾವ ಟೇಬಲ್ಲಿನದು ಎಂದು ಅಮೃತೇಶ್ ಯಾರಿಗೂ ಕಾಣದಂತೆ ಹೆಕ್ಕಿ, ಅವಳ ಮೊಬೈಲಿಗೆ ಕಳಿಸಿದ್ದ.

ಈಗ ಶಿವರಂಜನಿ ಅದೇ ಮೆಸೇಜನ್ನು ಅವನ ಮುಂದೆ ಹಿಡಿದಳು. 'ಟೇಬಲ್ 4.'

"ಇದು ಕಂಪ್ಯೂಟರ್ ಹೇಳಿದ ನಾಲ್ಕೋ, ಕಣ್ಣಿಗೆ ಕಾಣೋ ನಾಲ್ಕೋ?"

"ಕಣ್ಣಿಗೆ ಕಾಣೋದೇ ಮೇಡಂ. ಯಂತ್ರ ಮೂರು ಅಂತು. ನೀವು ನಮ್ಮ ಲೈನಿನವರಲ್ಲ, ಲೆಕ್ಕ ತಪ್ಪಬಾರದು ಅಂತ ನಾನೇ ಒಂದು ಕೂಡಿಸಿ ಕಳಿಸಿದೆ." ಅವನು ನಕ್ಕ. ಆಮೇಲೆ ಅವಳ ಮುಖ ನೋಡಿ ನಗು ನಿಲ್ಲಿಸಿದ. "ಯಾಕೆ?"

"ನಾನೂ ಕೂಡಿಸಿದೆ."

ಕೂಡಿಸುವಾಗ ಎಷ್ಟು ಹೆಮ್ಮೆಯಾಗಿತ್ತು ಎಂಬುದು ಅವಳಿಗೆ ಈಗ ನೆನಪಾಗಬಾರದಿತ್ತು. ನೆನಪಾಯಿತು. ಬೆಳಿಗ್ಗೆ ತಾನೆ ಅಮೃತೇಶನ ಬಾಯಿಂದ ಕಲಿತ ವಿದ್ಯೆ, ಮಧ್ಯಾಹ್ನಕ್ಕೆ ಪ್ರಯೋಗ. ನಾಲ್ಕು ಅಂದರೆ ಐದು, ನನಗೆ ಗೊತ್ತಿಲ್ಲವೇ ಎಂದು ಒಳಗೊಳಗೇ ಬೀಗಿದ್ದಳು. ನಂಜೇಶನ ಕಿವಿಯಲ್ಲಿ "ಐದು" ಎಂದಾಗ ಅವನ ಮುಖ ಪೆಚ್ಚಾಗಿತ್ತು. "ಐದಾ? ಸರಿಯಾಗಿ ನೋಡಿದ್ರಾ ಮೇಡಂ? ಐದಾ?" ಎಂದು ಎರಡೆರಡು ಸಲ ಕೇಳಿದ್ದ. ಪಾಪ, ಹೆಣ್ಣುಮಕ್ಕಳೆಂದು ಸಂಕಟಪಡುತ್ತಿದ್ದಾನೆ ಎಂದುಕೊಂಡು ಅವಳೇ ಮೈಕು ಹಿಡಿದಿದ್ದಳು.

ತಿರುಮಕೂಡಲು ನರಸೀಪುರದ ಪಾಲಿಟೆಕ್ನಿಕ್‌ನ ರೋಜಾ, ದಿವ್ಯ. ತಂಡದ ಹೆಸರು ಸಂಗಮ. ಅಂಕಪಟ್ಟಿಯಲ್ಲಿ ಎರಡನೆಯವರು. ದಿವ್ಯ ಅತ್ತಳು. ರೋಜಾ ಅಳಲಿಲ್ಲ, ಟ್ಯಾಬ್ ಅನ್ನು ಟೇಬಲ್ಲಿನ ಅಂಚಿಗೆ ಸಮವಾಗಿ ಜೋಡಿಸಿಟ್ಟು ಎದ್ದು ಹೋದಳು. ಆ ಜೋಡಿಸಿಟ್ಟದ್ದು ಶಿವರಂಜನಿಗೆ ನಿನ್ನೆ ಸೊಕ್ಕಿನಂತೆ ಕಂಡಿತ್ತು.

"ಮೇಡಂ," ಅಮೃತೇಶ್ ದನಿ ತಗ್ಗಿಸಿದ. "ನೀವು ಮೈಕಲ್ಲಿ ಐದು ಅಂದಾಗ, ಪತ್ತೇದಾರರಲ್ವಾ, ಬೇರೆ ಸಾಕ್ಷಿ ಸಿಕ್ಕಿರಬೇಕು ಅಂದ್ಕೊಂಡೆ. ಹಾಗಾದ್ರೆ ನಿಜವಾದ ನಾಲ್ಕನೇ ಟೇಬಲ್ಲು..."

"ಗೊತ್ತು."

ನಾಲ್ಕನೇ ಟೇಬಲ್ಲಿನಲ್ಲಿ ಇದ್ದವರು ಬ್ಯಾಂಕಿನ ಕಂಪ್ಯೂಟರ್ ವಿಭಾಗದ ಇಬ್ಬರು. ಒಬ್ಬ ನಟರಾಜ್. ಇನ್ನೊಬ್ಬ ರಘು. ರಘು ಅವಳ ಗಂಡ.

ಅವಳಿಗೆ ಈ ಕೇಸು ಬರುವ ಮೊದಲೇ ಅವನು ಸ್ಪರ್ಧೆಗೆ ಹೆಸರು ಕೊಟ್ಟಿದ್ದ. ಕ್ವಿಜ್ ಮಾತು ಮನೆಯಲ್ಲಿ ಎತ್ತಕೂಡದು ಎಂದು ಗಂಡಹೆಂಡಿರಲ್ಲಿ ಒಪ್ಪಂದವಾಗಿತ್ತು. ಒಪ್ಪಂದ ಮಾಡಿಕೊಳ್ಳದಿದ್ದದ್ದು ಅವಳ ಮೊಬೈಲು. ಉತ್ತರದ ಹಾಳೆ ಅದರಲ್ಲಿತ್ತು. ಮೊಬೈಲು ಇರುಳೆಲ್ಲ ಊಟದ ಮೇಜಿನ ಮೇಲೆ ಚಾರ್ಜಿಗೆ ಬಿದ್ದಿರುತ್ತಿತ್ತು. ಅದರ ಪಾಸ್‌ವರ್ಡು ಅವನ ಹುಟ್ಟಿದ ದಿನ.

*

ಫೈನಲ್ ಇದ್ದದ್ದು ಮಧ್ಯಾಹ್ನ. ಅಷ್ಟರೊಳಗೆ ಹೋಗಿಬರಲು ಶಿವರಂಜನಿಯ ಕಾರು ನರಸೀಪುರದ ದಾರಿ ಹಿಡಿಯಿತು.

ಇದೂ ಒಂದು ಪ್ರಸಿದ್ಧ ಕಾರೇ. ನಿನ್ನೆ ಕ್ವಿಜ್ ನಡುವೆ, "ಬಿಳಿ ಕಾರು ಗೇಟಿಗೆ ಅಡ್ಡ ನಿಂತಿದೆ, ತಕ್ಷಣ ತೆಗೀರಿ," ಎಂದು ಮೈಕಿನಲ್ಲಿ ಮರ್ಯಾದೆ ಕಳೆದುಕೊಂಡಿತ್ತು. ನಂಬರು ಕೇಳಿ ವೇದಿಕೆಯ ಹಿಂದಿದ್ದ ಶಿವರಂಜನಿ ಹಲ್ಲು ಕಡಿದಿದ್ದಳು. ಎಲ್ಲಿ ನಿಲ್ಲಿಸಬೇಕೆಂದು ತನ್ನ ಗಂಡನಿಗೆ ಈ ಜನ್ಮದಲ್ಲಿ ಗೊತ್ತಾಗುವುದಿಲ್ಲ.

ಅವನಿಗೆ ಫೋನು ಮಾಡಬಹುದಿತ್ತು. ಒಂದೇ ಮಾತು: ನೋಡಿದ್ರಾ, ಇಲ್ವಾ? ಗುಮಾನಿ ಇರುವವನಿಗೆ ಮುನ್ಸೂಚನೆ ಕೊಡಬಾರದು ಎಂಬುದು ವೃತ್ತಿಯ ನಿಯಮ ಎಂದು ತನಗೆ ತಾನೇ ಹೇಳಿಕೊಂಡಳು. ನಿಯಮ ಒಳ್ಳೆಯದೇ. ಹೆದರಿಕೆಗೆ ಹೊದಿಸಲು ಅದಕ್ಕಿಂತ ಒಳ್ಳೆಯ ಕಂಬಳಿ ಇಲ್ಲ.

ನಿನ್ನೆ ರಾತ್ರಿ ಒಪ್ಪಂದ ಮುರಿದವನು ರಘುವೇ. ಮೊಸರು ಬಡಿಸಿಕೊಳ್ಳುತ್ತಾ, "ಆ ಹುಡುಗಿಯನ್ನ ಒಂದು ಮಾತು ಕೇಳಬೇಕಿತ್ತು ಕಣೆ," ಎಂದಿದ್ದ.

"ಕ್ವಿಜ್ ವಿಷಯ ಮನೇಲಿ ಬೇಡ ಅಂತ ಆಗಿದೆಯಲ್ಲ."

"ಸರಿ, ಬಿಡು," ಎಂದು ಉಪ್ಪಿನಕಾಯಿ ಹಾಕಿಕೊಂಡಿದ್ದ.

ಕದ್ದವನು ಹಾಗೆ ಹೇಳುತ್ತಾನೆಯೇ? ಅಥವಾ ಕದ್ದವನೇ, ತನ್ನ ಪಾಪ ಬೇರೆಯವರ ತಲೆಗೆ ಹೋದದ್ದನ್ನು ನೋಡಲಾರದೆ, ಹಾಗೆ ಹೇಳುತ್ತಾನೆಯೇ? ಕಾಲೇಜಿನಿಂದ ಇಲ್ಲಿಯವರೆಗೆ ಅವನು ಕ್ವಿಜ್ ಗೆದ್ದದ್ದಿಲ್ಲ. ಸದಾ ಎರಡನೇ ಬಹುಮಾನ. ಮನೆ ತುಂಬ ಸ್ಟೀಲಿನ ಡಬ್ಬಿಗಳು. ಈ ಸಲ ಅಂಕಪಟ್ಟಿಯಲ್ಲಿ ಮೊದಲಿಗನಾಗಿದ್ದ.

ಆ ಯೋಚನೆ ಬಂದದ್ದಕ್ಕೆ ನಾಚಿಕೆಯಾಯಿತು. ಆದರೆ ಬಂದದ್ದು ಹೋಗಲಿಲ್ಲ.

*

ರೋಜಾಳ ಮನೆ ಸಿಕ್ಕಿದ್ದು ಬಸ್ ನಿಲ್ದಾಣದ ಹಿಂದಿನ ಬೀದಿಯಲ್ಲಿ. ಗೋಡೆಯ ಮೇಲೆ ಬುದ್ಧನ ಕ್ಯಾಲೆಂಡರು, ಅದರ ಪಕ್ಕ ಗಾಜಿನ ಚೌಕಟ್ಟಿನಲ್ಲಿ ಹತ್ತನೇ ತರಗತಿಯ ಅಂಕಪಟ್ಟಿ. ತಾಯಿ ಮುದ್ದಮ್ಮ ತಾಲ್ಲೂಕು ಕಚೇರಿಯಲ್ಲಿ ಜವಾನರ ಕೆಲಸದವಳು. ಕಚೇರಿಗೆ ಬರುವವರನ್ನು ನಿಲ್ಲಿಸಿ ಮಾತಾಡಿಸಿ ಅಭ್ಯಾಸವಿತ್ತು.

"ನೀವೇನಾ ಆ ಪತ್ತೇದಾರಮ್ಮ?"

"ಹೌದಮ್ಮ. ರೋಜಾ ಇದ್ದಾಳಾ?"

"ಅವ್ಳೆ. ಇನ್ನೆಲ್ಲೋದಾಳು? ನಾಳೀಕೆ ಇಂಟರ್‌ವ್ಯೂ ಇತ್ತು, ಕಾರ್ಖಾನೆಯೋರು ಕಾಲೇಜಿಗೇ ಬತ್ತಾರೆ. ಪ್ರಿನ್ಸಿಪಾಲ್ರು ಫೋನ್ ಮಾಡಿ, ಕದ್ದೋರ್ನ ನಾನ್ ಕಳ್ಸಕ್ಕಾಗಲ್ಲ, ಬರ್ಬೇಡ ಅಂದ್ಬುಟ್ರು." ಅವಳು ಬಾಗಿಲಿನಿಂದ ಸರಿಯಲಿಲ್ಲ. "ಏನ್ ಕದ್ದಳು ಅಂತ ಕೇಳುದ್ರೆ ಯಾವ್ದೋ ಊರೆಸ್ರು ಕದ್ದವ್ಳೆ ಅಂತಾರೆ. ಊರೆಸ್ರು ಕದೀತಾರಾ ಯಾರಾದ್ರೂ?"

"ಕದ್ದಿಲ್ಲ. ತಪ್ಪು ನನ್ನದು."

ಮುದ್ದಮ್ಮ ಅವಳನ್ನು ಮೇಲಿನಿಂದ ಕೆಳಗೆ ನೋಡಿ, ಬಾಗಿಲು ಬಿಟ್ಟಳು. "ಬನ್ನಿ. ಕೂತ್ಕಳಿ."

ರೋಜಾ ಒಳಗಿನಿಂದ ಬಂದಳು. ಸಮ್ಮೇಳನದ ಟೀ ಶರ್ಟನ್ನೇ ತಿರುಗಿಸಿ ಹಾಕಿಕೊಂಡಿದ್ದಳು, ಅಕ್ಷರ ಒಳಗೆ ಹೋಗುವಂತೆ.

ಶಿವರಂಜನಿ ಎಲ್ಲ ಹೇಳಿದಳು. ಯಂತ್ರದ ಮೂರು, ಅಮೃತೇಶನ ನಾಲ್ಕು, ತನ್ನ ಐದು. ಹೇಳುತ್ತಾ ಹೋದಂತೆ ಅದು ತೀರ ಸಣ್ಣ ಲೆಕ್ಕವಾಗಿ ಕೇಳಿಸಿತು.

"ಫಸ್ಟ್ ಸೆಮ್‌ನಲ್ಲಿ ನಾವೂ ಈ ತಪ್ಪು ಮಾಡ್ತೀವಿ ಮೇಡಂ," ಎಂದಳು ರೋಜಾ. "ಲೆಕ್ಚರರ್ ಒಂದು ಮಾರ್ಕ್ಸ್ ಕಟ್ ಮಾಡ್ತಾರೆ."

"ನನ್ನನ್ನ ಕ್ಷಮಿಸಮ್ಮ."

ರೋಜಾ ತಾಯಿಯ ಕಡೆ ನೋಡಿದಳು. ಉತ್ತರ ಕೊಟ್ಟವಳು ಮುದ್ದಮ್ಮ.

"ಸಂತೇಲಿ ಬಯ್ದು ಅಟ್ಟೀಲಿ ಕಾಲ್ ಇಡ್ಕಂಡ್ರಂತೆ. ಇಲ್ಲಿ ಯಾರವ್ವ ಕೇಳುಸ್ಕಳೋರು? ನಾನು, ಅವ್ಳು, ಆ ಬುದ್ಧ. ನಮ್ ಮೂರ್ ಜನಕ್ಕೂ ಮೊದ್ಲೇ ಗೊತ್ತಿತ್ತು ಇವ್ಳು ಕದ್ದಿಲ್ಲ ಅಂತ."

"ಪ್ರಿನ್ಸಿಪಾಲರಿಗೆ ನಾನೇ ಫೋನ್ ಮಾಡ್ತೀನಿ..."

"ಬೇಡ," ಎಂದಳು ರೋಜಾ. "ಮೈಕಲ್ಲಿ ಹೇಳಿದ್ರಿ. ಮೈಕಲ್ಲೇ ವಾಪಸ್ ತಗೊಳ್ಳಿ. ಅವರೆಲ್ಲ ಕೂತಿರಬೇಕು. ನಮ್ಮ ಪ್ರಿನ್ಸಿಪಾಲ್ರೂ ಇವತ್ತು ಬರ್ತಾರೆ, ಫೈನಲ್ ನೋಡೋಕೆ."

"ತಗೋತೀನಿ." ಶಿವರಂಜನಿ ತಡೆದು ಕೇಳಿದಳು. "ನಾಲ್ಕನೇ ಟೇಬಲ್ಲು ನಿನ್ನ ಪಕ್ಕದ್ದೇ. ಆ ಪ್ರಶ್ನೆ ಬಂದಾಗ ಅಲ್ಲಿ ಏನಾದರೂ ನೋಡಿದೆಯಾ?"

"ನೋಡಿದೆ."

"ಏನು?"

"ನಿನ್ನೆ ಕೇಳಿದ್ರೆ ನಿನ್ನೇನೇ ಹೇಳ್ತಿದ್ದೆ. ಯಾರೂ ಕೇಳಲಿಲ್ಲ." ಹುಡುಗಿಯ ದನಿ ಏರಲಿಲ್ಲ. "ಈಗ ಹೇಳಿದ್ರೆ, ತಪ್ಪಿಸ್ಕೊಳ್ಳೋಕೆ ಇನ್ನೊಬ್ಬರ ಮೇಲೆ ಹಾಕ್ತಾ ಇದ್ದಾಳೆ ಅಂತಾರೆ. ಮೊದಲು ನನ್ನ ಹೆಸರು ತೊಳೀರಿ ಮೇಡಂ. ಆಮೇಲೆ ಅದೇ ಮೈಕು ನನಗೆ ಕೊಡಿ."

ಶಿವರಂಜನಿ ಇನ್ನೊಮ್ಮೆ ಒತ್ತಾಯಿಸಬಹುದಿತ್ತು. ಒತ್ತಾಯಿಸಿದರೆ, 'ರಘು ಅಂಕಲ್' ಎಂಬ ಮಾತು ಈ ಪುಟ್ಟ ಮನೆಯಲ್ಲೇ ಬಿದ್ದುಬಿಡಬಹುದಿತ್ತು. ಅವಳು ಒತ್ತಾಯಿಸಲಿಲ್ಲ.

"ಟೀ ಶರ್ಟು ಸರಿಯಾಗಿ ಆಕ್ಕೊಂಡು ಓಗು," ಎಂದಳು ಮುದ್ದಮ್ಮ ಮಗಳಿಗೆ. "ದಿವ್ಯಂಗೂ ಫೋನ್ ಮಾಡು. ಅಳಾದು ಸಾಕು ಬಾ ಅನ್ನು."

*

ಮಂಟಪ ತುಂಬಿತ್ತು. ಫೈನಲ್‌ಗೆ ಮುಂಚಿನ ಮೋಜಿನ ಸುತ್ತು ನಡೆಸುತ್ತಾ ಅಮೃತೇಶ್ ವೇದಿಕೆಯ ಮೇಲೆ ಬೆವರುತ್ತಿದ್ದ. ಹಳೆಯ ಕಾಲದ ಕಂಪ್ಯೂಟರೊಳಗೆ ಸಿಕ್ಕಿಬಿದ್ದ ನಿಜವಾದ ಹುಳು ಯಾವುದು ಎಂಬ ಪ್ರಶ್ನೆಗೆ ಹೆಚ್ಚಿನವರು ಪತಂಗ ಎಂದಿದ್ದರು. ಸಭಿಕರಲ್ಲಿ ಒಬ್ಬ ಹಿರಿಯರು ತಿಗಣೆ ಎಂದು ಪಟ್ಟು ಹಿಡಿದಿದ್ದರು. ಸರ್ಕಾರಿ ಕಚೇರಿಯ ಕಂಪ್ಯೂಟರಿನಲ್ಲಿ ಅವರೇ ಕಣ್ಣಾರೆ ಕಂಡಿದ್ದರಂತೆ.

ನಾಲ್ಕನೇ ಟೇಬಲ್ಲಿನಲ್ಲಿ ರಘು ಕೂತಿದ್ದ. ಹೆಂಡತಿಯ ಹಿಂದೆ ಬಂದ ಹುಡುಗಿಯರನ್ನು ನೋಡಿ ಅವನ ಮುಖ ಅರಳಿತು. ಹೆಬ್ಬೆರಳು ಎತ್ತಿ ತೋರಿಸಿದ. ಶಿವರಂಜನಿ ಬೇರೆ ಕಡೆ ನೋಡಿದಳು.

ಮೈಕು ಕೈಗೆ ಬಂತು.

"ನಿನ್ನೆ ಇದೇ ಜಾಗದಲ್ಲಿ ನಿಂತು, ಐದನೇ ಟೇಬಲ್ಲಿನ ಸಂಗಮ ತಂಡ ಉತ್ತರ ಕದ್ದಿದೆ ಅಂದೆ. ಅದು ಸುಳ್ಳು. ಬೇರೆಯವರು ಆಗಲೇ ಒಂದು ಕೂಡಿಸಿದ್ದ ಸಂಖ್ಯೆಗೆ ನಾನು ಇನ್ನೊಂದು ಕೂಡಿಸಿದೆ. ಕೂಡಿಸುವ ಮುಂಚೆ ಕೇಳಲಿಲ್ಲ. ರೋಜಾ, ದಿವ್ಯ, ಇಬ್ಬರೂ ಏನೂ ಮಾಡಿಲ್ಲ."

ಪ್ರೋಗ್ರಾಮರುಗಳ ಸಭೆ. ಇಡೀ ಮಂಟಪ ಒಟ್ಟಿಗೇ ಉಸ್ಸೆಂದಿತು. ಅಲ್ಲಿ ಆ ತಪ್ಪು ಮಾಡದವರು ಯಾರೂ ಇರಲಿಲ್ಲ. ಯಾರೋ ಚಪ್ಪಾಳೆ ಶುರುಮಾಡಿದರು. ಮುಂದಿನ ಸಾಲಿನಲ್ಲಿದ್ದ ಪ್ರಿನ್ಸಿಪಾಲರು ಎದ್ದು ಹೋಗಿ ರೋಜಾಳಿಗೆ ಏನೋ ಹೇಳಿದರು. ರೋಜಾ ತಲೆಯಾಡಿಸಿದಳು.

ಅಲ್ಲಿಗೆ ಮುಗಿಸಿ ಇಳಿಯಬಹುದಿತ್ತು.

"ಮೇಡಂ," ನಂಜೇಶ್ ಕೈಯೆತ್ತಿದ. ಬೆಳ್ಳಗಿನ ಪಂಚೆ, ಸಂಚಾಲಕರ ಬ್ಯಾಡ್ಜು, ಕಾಳಜಿ ತುಂಬಿದ ದನಿ. "ಹಾಗಾದ್ರೆ ಯಾವ ಟೇಬಲ್ಲು? ಅದನ್ನೂ ಹೇಳಿಬಿಡಿ. ಇಲ್ದಿದ್ರೆ ಎಲ್ಲರ ಮೇಲೂ ಗುಮಾನಿ ಉಳಿಯುತ್ತೆ."

ಸಭೆ ಅವಳನ್ನೇ ನೋಡುತ್ತಿತ್ತು. ಹೇಳದಿದ್ದರೆ ಗಂಡನನ್ನು ಬಚ್ಚಿಟ್ಟಂತೆ. ಯಾರದೋ ಮಗಳ ಹೆಸರನ್ನು ಮೈಕಿನಲ್ಲಿ ಎರಡೇ ನಿಮಿಷದಲ್ಲಿ ಹೇಳಿದವಳು, ಮನೆಯವನ ಹೆಸರು ಬಂದಾಗ ಮಾತ್ರ ವಿಚಾರಣೆ ನಡೆಸುತ್ತೇನೆ ಅನ್ನುವುದು ಹೇಗೆ?

"ನಾಲ್ಕು," ಎಂದಳು.

ನಟರಾಜ್ ಎದ್ದು ನಿಂತು, "ಏನ್ ಮಾತು ಅಂತ ಆಡ್ತಾ ಇದ್ದೀರಿ ಮೇಡಂ!" ಎಂದು ಕೂಗಿದ. ರಘು ಕೂಗಲಿಲ್ಲ. ಹೆಂಡತಿಯನ್ನು ಸ್ವಲ್ಪ ಹೊತ್ತು ನೋಡಿದ, ಪ್ರಶ್ನೆ ಅರ್ಥವಾಗದ ಸ್ಪರ್ಧಿಯ ಹಾಗೆ. ಆಮೇಲೆ ಕೊರಳಿನ ಬ್ಯಾಡ್ಜು ತೆಗೆದು, ಟೇಬಲ್ಲಿನ ಮೇಲಿದ್ದ 4 ಎಂಬ ಹಿತ್ತಾಳೆಯ ಫಲಕಕ್ಕೆ ತಗುಲಿಹಾಕಿ, ಕುರ್ಚಿಗಳ ನಡುವೆ ದಾರಿ ಮಾಡಿಕೊಂಡು ಬಾಗಿಲಿನ ಕಡೆ ನಡೆದ. ಕಾರಿನ ಕೀ ಅವಳ ಕೈಯಲ್ಲೇ ಇತ್ತು.

ರೋಜಾ ವೇದಿಕೆ ಹತ್ತಿದಳು. "ಮೈಕು ಕೊಡ್ತೀನಿ ಅಂದಿದ್ರಿ."

ಶಿವರಂಜನಿ ಕೊಟ್ಟಳು.

"ಆ ಮರಿಂಬೊ ಪ್ರಶ್ನೆ ಬಂದಾಗ ನಾಲ್ಕನೇ ಟೇಬಲ್ಲಲ್ಲಿ ಆ ಇಬ್ಬರೂ ಇರಲಿಲ್ಲ," ಎಂದಳು ರೋಜಾ. "ಬಿಳಿ ಕಾರು ಅಡ್ಡ ಇದೆ, ತೆಗೀರಿ ಅಂತ ಅನೌನ್ಸ್ ಆಯ್ತಲ್ಲ. ರಘು ಅಂಕಲ್ ಕೀ ತಗೊಂಡು ಓಡಿದ್ರು, ರಿವರ್ಸ್ ಮಾಡುವಾಗ ಹಿಂದೆ ನೋಡಿ ಹೇಳೋಕೆ ಅಂತ ಇನ್ನೊಬ್ಬರೂ ಹೋದ್ರು. ಟೇಬಲ್ ಖಾಲಿ. ಆಗ ಒಬ್ಬರು ಬಂದು ಟ್ಯಾಬ್ ಎತ್ಕೊಂಡು ಏನೋ ಒತ್ತಿ ಇಟ್ಟು ಹೋದ್ರು. ಅನೌನ್ಸ್ ಮಾಡಿದವರೇ."

"ಯಾರಮ್ಮ?" ಅಮೃತೇಶನ ದನಿ ಮೈಕಿಲ್ಲದೆಯೂ ಕೇಳಿಸಿತು.

"ನಂಜೇಶ್ ಸಾರ್."

ನಂಜೇಶ್ ನಕ್ಕ. "ಚಾರ್ಜ್ ಇದೆಯಾ ಅಂತ ನೋಡಿದೆ ಕಣಮ್ಮ. ಸಂಚಾಲಕ ಅಂದ್ಮೇಲೆ ಎಲ್ಲ ನೋಡ್ಕೋಬೇಕಲ್ಲ."

ಶಿವರಂಜನಿಯ ಕಿವಿಯಲ್ಲಿ ನಿನ್ನೆಯ ಮಾತು ಮತ್ತೆ ಕೇಳಿಸಿತು. ಐದಾ? ಸರಿಯಾಗಿ ನೋಡಿದ್ರಾ ಮೇಡಂ? ಐದಾ?

ಅದು ಸಂಕಟವಲ್ಲ. ನಾಲ್ಕು ಎಂದು ಕೇಳಿಸಿಕೊಳ್ಳಲು ಕಾದು ಕೂತವನ ಗಲಿಬಿಲಿ. ಹಾಳೆ ಕದ್ದವನಿಗಾದರೆ ಝಾಗ್ರೆಬ್ ಬರಿಯ ಉತ್ತರ. ನಂಜೇಶನಿಗೆ ಅದು ಬೋನು ಎಂದೇ ಗೊತ್ತಿತ್ತು. ಬೋನೆಂದು ತಿಳಿದೇ ಅದರೊಳಗೆ ಕೈಯಿಟ್ಟಿದ್ದರೆ ಅದು ಇಲಿಯ ಕೈಯಲ್ಲ, ಇನ್ನೊಬ್ಬನನ್ನು ಒಳಗೆ ತಳ್ಳುವ ಕೈ. ಅವನಿಗೆ ಬೇಕಾಗಿದ್ದವನು ರಘು. ಅದೂ ಹೆಂಡತಿಯ ಬಾಯಿಂದಲೇ, ಮೈಕಿನಲ್ಲಿ. ನಿನ್ನೆ ಅವಳ ಒಂದು ತಪ್ಪು ಲೆಕ್ಕ ಗಂಡನನ್ನು ಉಳಿಸಿತ್ತು. ಇವತ್ತು ಅವಳು ಲೆಕ್ಕ ಸರಿಮಾಡಿದ್ದಳು.

ಯಾಕೆ ರಘು? ಅವಳಿಗೆ ಗೊತ್ತಿರಲಿಲ್ಲ. ನಂಜೇಶನನ್ನು ಬಿಟ್ಟರೆ ಗೊತ್ತಿರಬಹುದಾದವನು ರಘು ಒಬ್ಬನೇ. ಅವನನ್ನೂ ಅವಳು ಒಂದು ಮಾತು ಕೇಳಿರಲಿಲ್ಲ.

ಮೆಟ್ಟಿಲಿಳಿದು ಹೊರಗೆ ಓಡಿದಳು. ಗೇಟಿನ ಬಳಿ ಅವಳ ಬಿಳಿ ಕಾರು ಅಡ್ಡ ನಿಂತಿತ್ತು. ಈ ಸಲ ನಿಲ್ಲಿಸಿದ್ದು ಅವಳು. ರಸ್ತೆಯ ಎರಡೂ ಕಡೆ ರಘು ಕಾಣಲಿಲ್ಲ. ಫೋನು ಮಾಡಿದಳು. ಒಳಗೆ, ಕ್ವಿಜ್ ಮುಗಿಯುವವರೆಗೆ ಸ್ಪರ್ಧಿಗಳ ಮೊಬೈಲು ತೆಗೆದಿಡುವ ಚೀಲದಲ್ಲಿ, ಉಳಿದೆಲ್ಲರ ಫೋನುಗಳ ನಡುವೆ ಅದು ರಿಂಗಾಯಿತು.

ಫೈನಲ್ ನಡೆಯಿತು. ಸಂಗಮ ತಂಡಕ್ಕೆ ಎರಡನೇ ಬಹುಮಾನ ಬಂತು. ರಘು ಆ ದಿನ ಮನೆಗೆ ಬರಲಿಲ್ಲ.